ಏಳು ಪುಸ್ತಕ ಜಾಸ್ತಿ

ರಟ್ಟು ಮೇಸ್ತ್ರಿಗೆ ತನ್ನ ಹೆಂಡತಿಯ ಮೇಲೆ ಇದ್ದ ದೂರು ಒಂದೇ: ಆಕೆಯ ಬಳಿ ಏಳು ಪುಸ್ತಕ ಜಾಸ್ತಿ.

ಹಗಲೆಲ್ಲ ಪುಸ್ತಕಗಳಿಗೆ ರಟ್ಟು ಕಟ್ಟಿಯೇ ಹೊಟ್ಟೆ ಹೊರೆಯುವ ಮನುಷ್ಯನಿಗೆ ಪುಸ್ತಕ ಜಾಸ್ತಿಯಾದರೆ ಸಂತೋಷವಾಗಬೇಕಲ್ಲವೇ ಎಂದು ನೀವು ಕೇಳಬಹುದು. ಆದರೆ ಇವು ಕಪಾಟಿನ ಪುಸ್ತಕಗಳಲ್ಲ, ಬೈಬಲ್ಲಿನ ಒಳಗಿನ ಪುಸ್ತಕಗಳು. ಮೇಸ್ತ್ರಿ ಹುಟ್ಟಿ ಬೆಳೆದ ಕ್ರೈಸ್ತ ಸಭೆಯ ಬೈಬಲ್ಲಿನಲ್ಲಿ ಅರವತ್ತಾರು ಪುಸ್ತಕ. ಹೆಂಡತಿ ಹುಟ್ಟಿ ಬೆಳೆದ ಸಭೆಯದರಲ್ಲಿ ಎಪ್ಪತ್ತಮೂರು. ಹೊರಗಿನಿಂದ ನೋಡಿದರೆ ಎರಡಕ್ಕೂ ಅದೇ ಕಪ್ಪು ರಟ್ಟು, ಅದೇ ಕೆಂಪು ಅಂಚು. ಒಳಗೆ ಹೋದರೆ ಅವಳದರಲ್ಲಿ ಏಳು ಕೋಣೆ ಹೆಚ್ಚು. ಆ ಏಳು ಕೋಣೆಗಳಲ್ಲೂ ಗಂಡನಿಗೆ ಹೊಡೆಯಲು ಬೇಕಾದ ಕಲ್ಲುಗಳನ್ನೇ ಪೇರಿಸಿಟ್ಟಿದ್ದಾರೆ ಎಂಬುದು ಮೇಸ್ತ್ರಿಯ ಮೂವತ್ತು ವರ್ಷಗಳ ಘನ ಸಂಶೋಧನೆ.

ಈ ದೂರಿನ ತೂಕ ತಿಳಿಯಬೇಕಾದರೆ ಆ ಮನೆಯ ಜಗಳದ ಪದ್ಧತಿ ಗೊತ್ತಿರಬೇಕು. (ಪದ್ಧತಿಯಿಲ್ಲದೆ ಜಗಳವಾಡುವ ಮನೆಗಳು ಬೇಕಾದಷ್ಟಿವೆ, ಇದು ಅಂಥ ಮನೆಯಲ್ಲ.) ಮದುವೆಯ ಕಾಲಕ್ಕೆ ಇವನ ಪಾಸ್ಟರಿಗೂ ಅವಳ ಫಾದರಿಗೂ ಯಾವುದರಲ್ಲೂ ಒಮ್ಮತವಿರಲಿಲ್ಲ. ಯಾರ ಕಟ್ಟಡ, ಯಾರ ಹಾಡು, ಯಾರ ಆಶೀರ್ವಾದ ಮೊದಲು ಎಂದು ಆರು ವಾರ ಎಳೆದಾಡಿದರು. ಕಡೆಗೆ ಹುಡುಗ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿಸಿದ ಮೇಲೆ ಮಾತ್ರ ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು. "ಇಬ್ಬರೂ ಮುಂಗೋಪಿಗಳೇ. ಸಿಟ್ಟು ಬಂದಾಗ ಬಾಯಿ ತೆರೀಬೇಡಿ, ಪುಸ್ತಕ ತೆರೀರಿ."

ಅಂದಿನಿಂದ ಆ ಮನೆಯಲ್ಲಿ ಕಿರುಚಾಟ ನಿಷಿದ್ಧ. ಸಿಟ್ಟು ಬಂದವರು ಒಂದು ಚೀಟಿಯ ಮೇಲೆ ಪುಸ್ತಕದ ಹೆಸರು, ಅಧ್ಯಾಯ, ವಚನ ಇಷ್ಟನ್ನೇ ಬರೆದು ಅಂಟಿಸಬೇಕು. ಎದುರು ಪಕ್ಷದವರು ಅದನ್ನು ಬರೆದವರ ಪುಸ್ತಕದಲ್ಲೇ ಹುಡುಕಿ ಓದಬೇಕು. ಆಮೇಲಷ್ಟೇ ಬಾಯಿ ತೆರೆಯಬಹುದು, ಇಲ್ಲವೆ ಇನ್ನೊಂದು ಚೀಟಿಯಲ್ಲಿ ಉತ್ತರ ಕೊಡಬಹುದು. ಕನ್ನಡಕ ಸಿಗಬೇಕು, ಪುಸ್ತಕ ಇಳಿಸಬೇಕು, ಧೂಳು ಹೊಡೆಯಬೇಕು, ಪುಟ ಸಿಗಬೇಕು. ಅಷ್ಟರಲ್ಲಿ ಸಿಟ್ಟು ಮುಕ್ಕಾಲು ಪಾಲು ಇಳಿದು, ಉಳಿದ ಕಾಲು ಪಾಲು ಯಾವುದಕ್ಕೆ ಬಂದಿತ್ತೆಂಬುದೇ ಮರೆತುಹೋಗುತ್ತಿತ್ತು. ಪಾಸ್ಟರೂ ಫಾದರೂ ಬುದ್ಧಿವಂತರು ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಬೀದಿಗೆಲ್ಲ ಅವಳು ಗುಳಿಗೆಯಮ್ಮ. ಚೀಟಿಗಳಿಗೆ ಅವಳು ಬಳಸುತ್ತಿದ್ದದ್ದು ಔಷಧಿ ಸೀಸೆಗಳಿಗೆ ಅಂಟಿಸುವ ಲೇಬಲ್ಲನ್ನೇ. ಅದರ ಕೆಳಗೆ ‘ಊಟಕ್ಕೆ ಮುಂಚೆ’, ‘ಊಟದ ನಂತರ’ ಎಂದು ಅಚ್ಚಾಗಿರುತ್ತಿತ್ತು. ಅದಕ್ಕೂ ತಪ್ಪದೆ ಗೆರೆ ಎಳೆಯುತ್ತಿದ್ದಳು. ‘ಊಟಕ್ಕೆ ಮುಂಚೆ’ ಎಂದಿದ್ದರೆ ಓದುವ ತನಕ ತಟ್ಟೆ ಇಲ್ಲ ಎಂದರ್ಥ. ಮೇಸ್ತ್ರಿಯ ಕನ್ನಡಿ, ಶೂ, ಹಲ್ಲುಜ್ಜುವ ಬ್ರಷ್ಷು, ಒಮ್ಮೆ ನಿದ್ದೆ ಹೋಗಿದ್ದಾಗ ಅವನ ಬೋಳು ತಲೆ, ಹೀಗೆ ಎಲ್ಲೆಲ್ಲೂ ಈ ಲೇಬಲ್ಲುಗಳು ಪ್ರತ್ಯಕ್ಷವಾಗುತ್ತಿದ್ದವು. ಹತ್ತರಲ್ಲಿ ಆರು ಆ ಏಳು ಪುಸ್ತಕಗಳಿಂದಲೇ ಬಂದವು. ಮೇಸ್ತ್ರಿ ತನ್ನ ಅರವತ್ತಾರರಲ್ಲಿ ಸರಿಸಮನಾದ ಉತ್ತರ ಹುಡುಕಲು ಹೋಗಿ, ಸಿಗದೆ, ನಿಟ್ಟುಸಿರು ಬಿಟ್ಟು ಶರಣಾಗುತ್ತಿದ್ದ. ಮೂವತ್ತು ವರ್ಷ ಹೀಗೇ ಸೋತು ಸೋತು ಸುಖವಾಗಿದ್ದ ಎಂದರೂ ತಪ್ಪಿಲ್ಲ.

ಸುಖವಾಗಿದ್ದ ಮನುಷ್ಯನ ಕೈಗೆ ಅಳಿಯ ಒಂದು ಫೋನು ಕೊಟ್ಟ.

ಅಳಿಯ ಲಿಫ್ಟು ರಿಪೇರಿ ಮಾಡುವವನು. ಬಹಳ ಒಳ್ಳೆಯ ಹುಡುಗ. ಅವನು ಮೂರನೆಯ ಒಂದು ಸಭೆಯವನು. ಅವರ ಬೈಬಲ್ಲಿನಲ್ಲಿ ಎಪ್ಪತ್ತಮೂರಕ್ಕಿಂತಲೂ ಹೆಚ್ಚು ಪುಸ್ತಕಗಳಿದ್ದವು. ನಿಖರವಾಗಿ ಎಷ್ಟು ಎಂದು ಕೇಳಿದರೆ ಅವನೂ ತಲೆ ಕೆರೆದುಕೊಳ್ಳುತ್ತಿದ್ದ.

"ಮಾವ, ಇದರಲ್ಲಿ ಬೈಬಲ್ ಸಾಫ್ಟ್‌ವೇರ್ ಹಾಕಿದೀನಿ. ಇಲ್ಲಿ ಅಧ್ಯಾಯ ವಚನ ಒತ್ತಿದ್ರೆ ಕ್ಷಣದಲ್ಲಿ ಬರುತ್ತೆ. ಬರೀ ಒಂದು ಪದ ಹಾಕಿದ್ರೂ ಸಾಕು, ಅದು ಎಲ್ಲೆಲ್ಲಿದೆಯೋ ಅಷ್ಟನ್ನೂ ತಂದು ಮುಂದಿಡುತ್ತೆ."

ಮೇಸ್ತ್ರಿಯ ಕಿವಿ ನಿಮಿರಿತು. "ಯಾವ ಪದ ಹಾಕಿದ್ರೂನಾ?"

"ಯಾವುದಾದ್ರೂ."

ಸಾಫ್ಟ್‌ವೇರು ತೆರೆದ ಕೂಡಲೆ ‘ನಿಮ್ಮ ಗ್ರಂಥಪಟ್ಟಿ ಆರಿಸಿ’ ಎಂದು ಮೂರು ಸಾಲು ತೋರಿಸಿತು. ಮೇಸ್ತ್ರಿ ಅರವತ್ತಾರರ ಮೇಲೆ ಬೆರಳಿಟ್ಟ. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಬೇರೆ ಪಟ್ಟಿಗಳಲ್ಲಿ ಮತ್ತು ಹಳೆಯ ಪ್ರತಿಗಳಲ್ಲಿ ಅಧ್ಯಾಯದ ಸಂಖ್ಯೆಗಳು ಬೇರೆ ಇರಬಹುದು ಎಂದು ಏನೋ ಬರೆದಿತ್ತು. ಅದರ ಪಕ್ಕದಲ್ಲಿ ‘ಒಪ್ಪಿದೆ’ ಎಂಬ ಗುಂಡಿ ಇತ್ತು. ಗುಂಡಿ ಇದ್ದ ಮೇಲೆ ಓದುವುದೇಕೆ? ಒತ್ತಿದ.

ಅದೇ ವಾರ ಅಡುಗೆಮನೆಯ ನಲ್ಲಿಯ ಪ್ರಕರಣ ನಡೆಯಿತು. ಎರಡು ತಿಂಗಳಿಂದ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಮೇಸ್ತ್ರಿ "ಈ ಭಾನುವಾರ ನೋಡ್ತೀನಿ" ಎನ್ನುತ್ತ ಎಂಟು ಭಾನುವಾರ ಕಳೆದಿದ್ದ. ಗುಳಿಗೆಯಮ್ಮ ಕನ್ನಡಿಯ ಮೇಲೆ ಲೇಬಲ್ ಅಂಟಿಸಿದಳು: ಜ್ಞಾನೋಕ್ತಿ ೬:೬. ಇದು ಇಬ್ಬರ ಪುಸ್ತಕದಲ್ಲೂ ಇದೆ. ಸೋಮಾರಿಯೇ, ಹೋಗಿ ಇರುವೆಯನ್ನು ನೋಡಿ ಬುದ್ಧಿ ಕಲಿ ಎಂದು ಅದರ ತಾತ್ಪರ್ಯ.

ಮೇಸ್ತ್ರಿ ಕನ್ನಡಕವನ್ನೂ ಹುಡುಕಲಿಲ್ಲ, ಪುಸ್ತಕವನ್ನೂ ಇಳಿಸಲಿಲ್ಲ. ಫೋನಿನಲ್ಲಿ ಓದಿ ಮುಗಿಸಿದ. ಸಿಟ್ಟು ಇಳಿಯಲು ಸಮಯವೇ ಸಿಗದೆ ಬಿಸಿಬಿಸಿಯಾಗಿ ಹಾಗೇ ಉಳಿಯಿತು. ‘ಜಗಳ’ ಎಂಬ ಪದ ಹಾಕಿ ಒತ್ತಿದ. ರಾಶಿ ರಾಶಿ ಬಂದವು. ಅದರಲ್ಲಿ ಒಂದನ್ನು ಆರಿಸಿ ಚೀಟಿ ಬರೆದು ಅವಳ ಕೈಗೇ ಕೊಟ್ಟ: ಜ್ಞಾನೋಕ್ತಿ ೨೭:೧೫. ಜಗಳಗಂಟಿ ಹೆಂಡತಿಯೂ ಮಳೆಗಾಲದಲ್ಲಿ ಬಿಡದೆ ಸೋರುವ ಹನಿಯೂ ಒಂದೇ ಎಂದು ಅದರ ಭಾವ.

ಗುಳಿಗೆಯಮ್ಮ ನಿಧಾನವಾಗಿ ಪುಸ್ತಕ ತೆಗೆದು ಓದಿದಳು. ನಲ್ಲಿಯ ಕಡೆ ನೋಡಿದಳು. ಗಂಡನ ಕಡೆ ನೋಡಿದಳು.

"ಏನ್ರೀ, ನಮ್ಮ ಮನೇಲಿ ಬಿಡದೆ ಸೋರ್ತಿರೋದು ಯಾವುದು? ಅದನ್ನ ಸರಿ ಮಾಡ್ಬೇಕಾದವರು ಯಾರು?"

"ಚೀಟಿಗೆ ಚೀಟಿಯಲ್ಲೇ ಉತ್ತರ ಕೊಡು."

ಕೊಟ್ಟಳು. ಸಿರಾಖ ೨೨:೨. ಇದು ಏಳರಲ್ಲಿ ಒಂದು. ಸೋಮಾರಿಯನ್ನು ತಿಪ್ಪೆಯ ಸಗಣಿಗೆ ಹೋಲಿಸಿ, ಎತ್ತಿದವರೆಲ್ಲ ಕೈ ಕೊಡವಿಕೊಳ್ಳುತ್ತಾರೆ ಎನ್ನುವ ವಚನ. ಮೇಸ್ತ್ರಿಗೆ ಅದು ಮೂವತ್ತು ವರ್ಷದಲ್ಲಿ ಹನ್ನೆರಡನೆಯ ಸಲ ಬಂದಿತ್ತು, ಬಾಯಿಪಾಠವಿತ್ತು. ಆದರೂ ಫೋನಿನಲ್ಲಿ ಒತ್ತಿದ. ಫೋನು ಹೇಳಿತು: ‘ಈ ಪುಸ್ತಕ ಕಂಡುಬಂದಿಲ್ಲ.’

ಆಗ ಮೇಸ್ತ್ರಿಯ ತಲೆಯಲ್ಲಿ ಕುರುಕ್ಷೇತ್ರ ಗೆದ್ದಷ್ಟು ಬೆಳಕಾಯಿತು. ಕಿವಿಯ ಹಿಂದಿನ ಕೆಂಪು ಪೆನ್ಸಿಲ್ ತೆಗೆದು ಲೇಬಲ್ಲಿನ ಮೇಲೆ ‘ಪುಸ್ತಕ ಇಲ್ಲ. ತಿರಸ್ಕೃತ’ ಎಂದು ಬರೆದು, ಕೆಳಗೆ ಸಹಿಯನ್ನೂ ಹಾಕಿ ಹಿಂದಿರುಗಿಸಿದ.

"ಇದೇನು?"

"ಇನ್ಮೇಲೆ ಸಾಫ್ಟ್‌ವೇರಿನಲ್ಲಿ ಸಿಕ್ಕಿದ್ದೇ ವಚನ. ಸಿಗದೇ ಇದ್ದದ್ದು ವಚನವೇ ಅಲ್ಲ."

"ಬರೆದವರ ಪುಸ್ತಕದಲ್ಲಿ ನೋಡ್ಬೇಕು ಅಂತ ನಿಯಮ ಇದೆ."

"ಅದು ಹಳೇ ನಿಯಮ. ತೆಗೆದುಹಾಕಿದೀನಿ."

"ಆಯ್ತು," ಎಂದಳು ಗುಳಿಗೆಯಮ್ಮ.

ಹೆಂಡತಿಯ ಬಾಯಿಂದ ಈ ‘ಆಯ್ತು’ ಎಂಬ ಪದ ಹಿಂದೆ ಮುಂದೆ ಏನೂ ಇಲ್ಲದೆ ಒಂಟಿಯಾಗಿ ಹೊರಬಿದ್ದರೆ ಬುದ್ಧಿಯಿರುವ ಗಂಡಸು ಅಲ್ಲೇ ಕಾಲು ಹಿಡಿಯುತ್ತಾನೆ. ಮೇಸ್ತ್ರಿ ಹಿಡಿಯಲಿಲ್ಲ. ಗೆದ್ದೆನೆಂದು ಸಿಳ್ಳೆ ಹಾಕುತ್ತ ಅಂಗಡಿಗೆ ಹೋದ.

ಮರುದಿನ ಲೇಬಲ್ ಇರಲಿಲ್ಲ. ಅದರ ಮರುದಿನವೂ ಇಲ್ಲ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ನೋಡಿದ; ಆಕೆ ಎತ್ತಿ ಒಣಗಹಾಕಿದಳು. ಅಂಟು ಮೆತ್ತಿದ ಕೈಯಲ್ಲಿ ಬಾಗಿಲ ಹಿಡಿ ಮುಟ್ಟಿದ, ಒರೆಸಿದಳು. "ಕಾಫಿ ಬೇಕಾ?" ಎಂದಳು. "ಸಕ್ಕರೆ ಸಾಕಾ?" ಎಂದಳು. ಒಂದು ದಿನವಂತೂ "ದಯವಿಟ್ಟು ಆ ಕಿಟಕಿ ಹಾಕ್ತೀರಾ?" ಎಂದಳು. ಮೂವತ್ತು ವರ್ಷದಲ್ಲಿ ‘ದಯವಿಟ್ಟು’ ಎಂಬ ಮಾತನ್ನು ಆ ಮನೆಯ ಗೋಡೆಗಳು ಕೇಳಿರಲಿಲ್ಲ. ನಲ್ಲಿಯನ್ನೂ ಆಕೆ ಯಾರನ್ನೋ ಕರೆಸಿ ಸರಿ ಮಾಡಿಸಿದ್ದರಿಂದ ಅದರ ಸದ್ದೂ ನಿಂತುಹೋಯಿತು. ಮನೆಯಲ್ಲಿ ಶಾಂತಿ ನೆಲೆಸಿತು. ಅಂಥ ಶಾಂತಿ ಆಸ್ಪತ್ರೆಯ ವರಾಂಡದಲ್ಲಿ ಇರುತ್ತದೆ.

ಮೂರು ವಾರ ಕಳೆದ ಮೇಲೆ ಮೇಸ್ತ್ರಿ ಮಗಳ ಮುಂದೆ ಅಲವತ್ತುಕೊಂಡ.

"ನಿಮ್ಮಮ್ಮ ನನ್ನ ಹತ್ತಿರ ಜಗಳಾನೇ ಆಡ್ತಿಲ್ಲ ಕಣೇ."

"ಅಪ್ಪಾ, ನೀವು ಮಾಡಿದ್ದೇನು ಗೊತ್ತಾ? ಅಮ್ಮ ಅಕ್ಷರ ಕಲಿತದ್ದೇ ಅವರಜ್ಜಿಯ ಬೈಬಲ್ಲಿನಲ್ಲಿ, ಆ ಏಳು ಪುಸ್ತಕದ ಕಥೆಗಳನ್ನ ಓದಿ. ನೀವು ಕೆಂಪು ಪೆನ್ಸಿಲ್ಲಿನಲ್ಲಿ ಇಲ್ಲ ಅಂತ ಬರೆದು ಸಹಿ ಹಾಕಿದ್ರಿ. ಸಹಿ ಬೇರೆ!"

"ತಮಾಷೆಗೆ..."

"ಅಮ್ಮನಿಗೆ ನಗು ಬಂದಿತ್ತಾ?"

ಬಂದಿರಲಿಲ್ಲ. ಮೇಸ್ತ್ರಿಗೆ ಆ ರಾತ್ರಿ ಊಟ ಸೇರಲಿಲ್ಲ. ತನ್ನ ಬೋಳು ತಲೆಯ ಮೇಲೆ ಲೇಬಲ್ ಅಂಟಿಸುವಷ್ಟು ಸಲುಗೆ ಇದ್ದವಳು ಈಗ ಬಾಡಿಗೆದಾರನ ಜೊತೆ ಮಾತಾಡಿದ ಹಾಗೆ ಮಾತಾಡುತ್ತಾಳೆ. ಇದಕ್ಕಿಂತ ದಿನಕ್ಕೆ ಎರಡು ಸಲ ಸಗಣಿ ಅನ್ನಿಸಿಕೊಳ್ಳುವುದೇ ಮೇಲು ಎನ್ನಿಸಿತು. ಅವನಿಗೆ ಅವಳ ಚೀಟಿ ಬೇಕಾಗಿತ್ತು. ಯಾವ ಪುಸ್ತಕದ್ದಾದರೂ ಸರಿ, ಒಂದು ಚೀಟಿ.

ಮುಂದಿನ ತಿಂಗಳೇ ಮದುವೆಯ ಮೂವತ್ತನೆಯ ವಾರ್ಷಿಕೋತ್ಸವ. ಮೇಸ್ತ್ರಿ ಯೋಚನೆ ಮಾಡಿದ. ಟ್ರಂಕಿನ ತಳದಲ್ಲಿ ಅಜ್ಜಿಯ ಆ ಹಳೆಯ ಬೈಬಲ್ ಇತ್ತು. ರಟ್ಟು ಹೋಗಿ, ಹೊಲಿಗೆ ಬಿಚ್ಚಿ, ಹಳೆಯ ಸೀರೆಯೊಂದರಲ್ಲಿ ಸುತ್ತಿಟ್ಟಿದ್ದ ಗಂಟದು. ಗುಳಿಗೆಯಮ್ಮ ದಿನಾ ಓದುತ್ತಿದ್ದದ್ದು ಈಚಿನ ಒಂದು ಹೊಸ ಪ್ರತಿಯನ್ನು. ಇದನ್ನು ಮುಟ್ಟಿದರೆ ಪುಡಿಯಾದೀತೆಂದು ಮುಟ್ಟುತ್ತಿರಲಿಲ್ಲ. ಮೇಸ್ತ್ರಿ ಆ ಗಂಟನ್ನು ಬುತ್ತಿಯ ಚೀಲದಲ್ಲಿ ಬಚ್ಚಿಟ್ಟುಕೊಂಡು ಅಂಗಡಿಗೆ ಸಾಗಿಸಿದ. ಕಳ್ಳನ ಹಾಗೆ ಬೆವರುತ್ತ ಹೋದ.

ಅಂಗಡಿಯಲ್ಲಿ ಹಗಲೆಲ್ಲ ಗಿರಾಕಿಗಳ ಕೆಲಸ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಾಗಿಲು ಅರ್ಧ ಎಳೆದುಕೊಂಡು ಇದರ ಕೆಲಸ. ಒಂದೊಂದೇ ಹಾಳೆ ಬಿಡಿಸಿದ. ಹರಿದ ಅಂಚಿಗೆ ತೆಳು ಕಾಗದ ಅಂಟಿಸಿದ. ಹಾಳೆಗಳ ಮಡಿಕೆಗಳನ್ನು ಕ್ರಮವಾಗಿ ಜೋಡಿಸಿ, ಮೇಣ ಸವರಿದ ದಾರದಿಂದ ಹೊಸದಾಗಿ ಹೊಲಿದ. ಉಳಿದೆಲ್ಲಕ್ಕಿಂತ ಆ ಏಳು ಪುಸ್ತಕಗಳ ಮೂಲೆಗಳೇ ಹೆಚ್ಚು ಕಪ್ಪಾಗಿದ್ದವು. ಯಾವುದೋ ಕಾಲದ ಒಂದು ಪುಟಾಣಿ ಹೆಬ್ಬೆರಳಿನ ಗುರುತೂ ಅಲ್ಲಿತ್ತು. ಅದನ್ನು ನೋಡಿ ಮೇಸ್ತ್ರಿಯ ಕಣ್ಣು ಒದ್ದೆಯಾಯಿತು. ‘ತಿರಸ್ಕೃತ’ ಎಂದು ಬರೆದ ಕೈಯನ್ನು ತಾನೇ ಒಮ್ಮೆ ಚಿವುಟಿಕೊಂಡ.

ಆದರೆ ಅದರಲ್ಲಿ ಒಂದು ಸಾಲನ್ನೂ ಓದಲಿಲ್ಲ. ಯಾಕೆಂದರೆ ಅವನಿಗೆ ಕೆಲಸ ಕಲಿಸಿದ ಗುರು ಹೇಳಿದ್ದ ಮೊದಲ ಪಾಠವೇ ಅದು: "ಹೊಲಿಯೋವನು ಓದಬಾರದು. ಓದ್ತಾ ಕೂತ್ರೆ ಮಡಿಕೆ ತಪ್ಪುತ್ತೆ." ಮೂವತ್ತೈದು ವರ್ಷಗಳಲ್ಲಿ ಮೇಸ್ತ್ರಿ ಸಾವಿರಾರು ಪುಸ್ತಕ ಕಟ್ಟಿದ್ದ, ಒಂದನ್ನೂ ಓದಿರಲಿಲ್ಲ. ಅದು ಅವನ ಹೆಮ್ಮೆ.

ಕಡುಗೆಂಪು ತೊಗಲಿನ ಹೊದಿಕೆ ಕೂತ ಮೇಲೆ ಮುಂಬದಿಗೆ ಚಿನ್ನದ ಅಕ್ಷರ ಹಾಕಬೇಕು. ಏನು ಹಾಕುವುದು? ಹೆಸರು ಹಾಕಿದರೆ ಎಲ್ಲರೂ ಹಾಕುತ್ತಾರೆ. ಒಂದು ವಚನದ ಸಂಖ್ಯೆ ಹಾಕಿದರೆ ಅದೇ ದೊಡ್ಡ ಚೀಟಿಯಾಗುತ್ತದೆ, ಪ್ರೀತಿಯ ಚೀಟಿ. ಮೇಸ್ತ್ರಿ ಫೋನು ತೆಗೆದು ‘ಹೆಂಡತಿ’ ಎಂದು ಹುಡುಕಿದ. ಮೊದಲು ಕಣ್ಣಿಗೆ ಬಿದ್ದವಳು ಹಿಂದಿರುಗಿ ನೋಡಿ ಉಪ್ಪಿನ ಕಂಬವಾದವಳು. ಆಮೇಲೆ ಬಂದವಳು ಕೆಲಸದವನ ಮೇಲೆ ಸುಳ್ಳು ಹೇಳಿ ಜೈಲಿಗೆ ಹಾಕಿಸಿದವಳು. ಇನ್ನೊಬ್ಬಳು ಮೈತುಂಬ ಹುಣ್ಣಾದ ಗಂಡನಿಗೆ ದೇವರನ್ನು ಬೈದು ಸಾಯಿ ಎಂದವಳು. ಮೇಸ್ತ್ರಿ ಅವಸರವಾಗಿ ಮುಂದಕ್ಕೆ ಸರಿಸಿದ. ಕಡೆಗೆ ಕೀರ್ತನೆಗಳಲ್ಲಿ ಸಿಕ್ಕಿತು: ನಿನ್ನ ಹೆಂಡತಿ ನಿನ್ನ ಮನೆಯೊಳಗೆ ಫಲ ತುಂಬಿದ ದ್ರಾಕ್ಷಿಬಳ್ಳಿಯಂತಿರುವಳು, ಮಕ್ಕಳು ನಿನ್ನ ಮೇಜಿನ ಸುತ್ತ ಎಳೆಯ ಸಸಿಗಳಂತಿರುವರು. ಮಗಳು ಚಿಕ್ಕವಳಾಗಿದ್ದಾಗ ಮೇಜಿನ ಕೆಳಗೆ ಕೂತು ತನ್ನ ಶೂ ದಾರ ಬಿಚ್ಚುತ್ತಿದ್ದದ್ದು ನೆನಪಾಯಿತು. ಇದೇ ಸರಿ ಎಂದ. ಕೀರ್ತನೆ ೧೨೮, ವಚನ ಮೂರು.

ಹಿತ್ತಾಳೆಯ ಅಚ್ಚು ಕಾಯಿಸಿ, ಚಿನ್ನದ ರೇಕಿನ ಮೇಲೆ ಉಸಿರು ಬಿಗಿಹಿಡಿದು ಒತ್ತಿದ. ಕೀರ್ತನೆ ೧೨೮:೩. ತೊಗಲಿನ ಮೇಲೆ ಚಿನ್ನ ಒಮ್ಮೆ ಕೂತರೆ ಕೂತ ಹಾಗೆ. ಗೆರೆ ಅತ್ತಿತ್ತ ಆಗಿರಲಿಲ್ಲ. ಮೇಸ್ತ್ರಿಯ ಬದುಕಿನ ಅತ್ಯುತ್ತಮ ಕೆಲಸ ಅದು.

ವಾರ್ಷಿಕೋತ್ಸವದ ದಿನ ಮಧ್ಯಾಹ್ನದ ಊಟಕ್ಕೆ ಮಗಳು ಅಳಿಯ ಬಂದರು. ಊಟವಾದ ಮೇಲೆ ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ಪೊಟ್ಟಣವನ್ನು ಮೇಜಿನ ಮೇಲಿಟ್ಟ. ಗುಳಿಗೆಯಮ್ಮ ಬಿಚ್ಚಿದಳು. ತೊಗಲು ಸವರಿದಳು. ತೆರೆದಳು. ಅಜ್ಜಿಯ ಹೆಸರು ಇದ್ದ ಮೊದಲ ಹಾಳೆ ನೋಡಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ರೀ... ಇದು ಅಜ್ಜಿಯದು."

"ಹೂಂ."

"ಏಳೂ ಇದಾವಾ?"

"ಒಂದು ಹಾಳೇನೂ ಬಿಟ್ಟಿಲ್ಲ. ನಾನೇ ಹೊಲಿದಿದ್ದೀನಿ." ಮೇಸ್ತ್ರಿ ಹೊಲಿಗೆಯ ಮೇಲೆ ಬೆರಳಾಡಿಸಿದ. "ಅವತ್ತು ನಾನು ಬರೆದದ್ದು ತಪ್ಪು ಕಣೇ."

ಮಗಳು ಕಣ್ಣೊರೆಸಿಕೊಂಡಳು. ಅಲ್ಲಿಗೇ ಆ ಊಟ ಮುಗಿದಿದ್ದರೆ ನಾನೂ ಇಲ್ಲಿಗೇ ನಿಲ್ಲಿಸಿ ಮಲಗುತ್ತಿದ್ದೆ. ಆದರೆ ಮೇಸ್ತ್ರಿಗೆ ತನ್ನ ಚಿನ್ನದ ಅಕ್ಷರಗಳನ್ನು ಯಾರೂ ನೋಡಲಿಲ್ಲವಲ್ಲ ಎಂಬ ಚಡಪಡಿಕೆ.

"ರಟ್ಟಿನ ಮುಂಬದಿಯಲ್ಲಿ ಏನೋ ಬರೆದಿದೆ ನೋಡು. ಜೋರಾಗಿ ಓದು, ಎಲ್ಲರಿಗೂ ಕೇಳಲಿ."

ಗುಳಿಗೆಯಮ್ಮ ಅಜ್ಜಿಯ ಬೈಬಲ್ಲಿನಲ್ಲಿ ನೂರ ಇಪ್ಪತ್ತೆಂಟನೆಯ ಕೀರ್ತನೆ ತೆಗೆದಳು. ಹೊಸ ಹೊಲಿಗೆಯಾದ್ದರಿಂದ ಪುಟಗಳು ಚೆಂದವಾಗಿ ಮಲಗಿದವು. ಓದಿದಳು.

"ಉಳುವವರು ನನ್ನ ಬೆನ್ನಿನ ಮೇಲೆ ಉತ್ತರು, ಉದ್ದುದ್ದ ಸಾಲುಗಳನ್ನು ಎಳೆದರು."

ಮಗಳು ಅಪ್ಪನ ಕಡೆ ತಿರುಗಿದಳು.

"ಇನ್ನೊಂದ್ಸಲ ಓದು," ಎಂದ ಮೇಸ್ತ್ರಿ, ಬೆಪ್ಪಾಗಿ.

ಇನ್ನೊಂದು ಸಲ ಓದಿದಳು. ಈ ಸಲ ಇನ್ನೂ ಸ್ಪಷ್ಟವಾಗಿ ಕೇಳಿಸಿತು.

"ಮೂವತ್ತು ವರ್ಷದ ಸಂಸಾರಕ್ಕೆ ಇದಾ ಅಪ್ಪಾ ನೀವು ಆರಿಸಿದ ವಚನ?" ಎಂದ ಮಗಳ ಮುಖ ನಗು ತಡೆದು ತಡೆದು ಕೆಂಪಾಗಿತ್ತು.

"ಅಲ್ಲ! ದ್ರಾಕ್ಷಿಬಳ್ಳಿ! ನಾನು ಬರೆದದ್ದು ದ್ರಾಕ್ಷಿಬಳ್ಳಿ!" ಮೇಸ್ತ್ರಿ ಫೋನು ತೆಗೆದು ಎಲ್ಲರ ಮೂಗಿನ ಮುಂದೆ ಹಿಡಿದ. "ನೋಡಿ, ನೂರ ಇಪ್ಪತ್ತೆಂಟು, ಮೂರು. ನಿನ್ನ ಹೆಂಡತಿ ದ್ರಾಕ್ಷಿಬಳ್ಳಿ!"

ಅಳಿಯ ಫೋನು ನೋಡಿ, ಪುಸ್ತಕ ನೋಡಿ, ತುಟಿ ಕಚ್ಚಿಕೊಂಡ. "ಮಾವ, ಇದು ಹಳೇ ಎಣಿಕೆಯ ಪ್ರತಿ. ಇದರಲ್ಲಿ ನಡುವಿನ ಕೀರ್ತನೆಗಳೆಲ್ಲ ಒಂದು ಸಂಖ್ಯೆ ಹಿಂದಿರುತ್ತವೆ. ನಮ್ಮ ಸಭೆಯದೂ ಹಾಗೇ. ನಮ್ಮಲ್ಲಿ ಕೊನೇಲಿ ನೂರೈವತ್ತೊಂದನೇ ಕೀರ್ತನೆ ಅಂತಾನೂ ಒಂದಿದೆ. ಸಾಫ್ಟ್‌ವೇರಿನಲ್ಲಿ ಪಟ್ಟಿ ಬದಲಾಯಿಸಿದ್ರೆ ತೋರಿಸೋದು. ಮೊದಲೇ ಹೇಳುತ್ತಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿ..."

"ಸಣ್ಣ ಅಕ್ಷರ ಯಾರು ಓದ್ತಾರಯ್ಯಾ!"

ಗುಳಿಗೆಯಮ್ಮ ಸುಮ್ಮನೆ ಒಂದು ಪುಟ ಹಿಂದಕ್ಕೆ ತಿರುವಿದಳು. "ಇಲ್ಲಿದೆ ನಿಮ್ಮ ಬಳ್ಳಿ. ನೂರ ಇಪ್ಪತ್ತೇಳು. ಒಂದು ತಿಂಗಳು ಈ ಪುಸ್ತಕ ನಿಮ್ಮ ಕೈಲೇ ಇತ್ತಲ್ಲ, ಒಂದ್ಸಲ ತೆಗೆದು ನೋಡ್ಬಾರದಿತ್ತಾ?"

ಹೊಲಿಯೋವನು ಓದಬಾರದು ಎಂಬ ಗುರುವಾಕ್ಯ ಮೇಸ್ತ್ರಿಯ ನಾಲಿಗೆಯ ತುದಿಗೆ ಬಂತು; ನುಂಗಿದ. ತಟ್ಟನೆ ಒಂದು ದಾರಿ ಹೊಳೆಯಿತು. "ತಡಿ! ಬರೆದವರ ಪುಸ್ತಕದಲ್ಲೇ ನೋಡ್ಬೇಕು ಅಂತ ನಿಯಮ ಇದೆಯಲ್ಲ! ಬರೆದವನು ನಾನು. ನನ್ನ ಪುಸ್ತಕದಲ್ಲಿ ನೋಡು, ಬಳ್ಳಿಯೇ ಇದೆ!"

"ಆ ನಿಯಮ ತೆಗೆದುಹಾಕಿದವರು ಯಾರು?"

ಅಳಿಯ ಪಾಪ, ಮಾವನನ್ನು ಎತ್ತಲು ಲಿಫ್ಟಿನ ಹಾಗೆ ಕೆಳಗಿಳಿದು ಬಂದ. "ಅತ್ತೆ, ಪುಸ್ತಕದ ಬೆನ್ನು ಹೊಲಿದದ್ದು ಮಾವನೇ ಅಲ್ವಾ, ಸೂಜಿ ದಾರ ಅಂತ ಉದ್ದುದ್ದ ಸಾಲು... ಅದನ್ನೇ ಹೇಳಿರಬೇಕು." ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಕೊಡು ಇಲ್ಲಿ," ಎಂದ ಮೇಸ್ತ್ರಿ. "ಎಂಟನ್ನ ಕೆರೆದು ಏಳು ಮಾಡ್ತೀನಿ. ತೊಗಲು ಹಾಳಾದ್ರೂ ಚಿಂತೆಯಿಲ್ಲ."

ಗುಳಿಗೆಯಮ್ಮ ಪುಸ್ತಕವನ್ನು ಎದೆಗವಚಿಕೊಂಡಳು. "ಮುಟ್ಟಿದ್ರೆ ನೋಡಿ." ಎದ್ದು ಒಳಗೆ ಹೋದಳು. ಆ ದಿನವೆಲ್ಲ ಮತ್ತೇನೂ ಹೇಳಲಿಲ್ಲ. ಚೀಟಿಯೂ ಬರಲಿಲ್ಲ. ಅವಳಿಗೆ ಸಿಟ್ಟು ಬಂದಿದೆಯೋ, ಸಂತೋಷವಾಗಿದೆಯೋ, ಅಥವಾ ಎರಡೂ ಸೇರಿ ಇನ್ನೇನೋ ಆಗಿದೆಯೋ ಮೇಸ್ತ್ರಿಗೆ ತಿಳಿಯಲಿಲ್ಲ.

ಭಾನುವಾರ ಆಕೆ ಕಡುಗೆಂಪು ಪುಸ್ತಕವನ್ನು ಹಿಡಿದುಕೊಂಡು ತನ್ನ ಸಭೆಗೆ ಹೋದಳು. ಚಿನ್ನದ ಅಕ್ಷರ ಎಲ್ಲರಿಗೂ ಕಾಣುವ ಹಾಗೆ ಹಿಡಿದಿದ್ದಳು.

ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ನಾಲ್ವರು ಹೆಂಗಸರು ನಿಂತಿದ್ದರು. ನಾಲ್ವರ ಕಂಕುಳಲ್ಲೂ ಒಂದೊಂದು ಬೈಬಲ್. ಮುಂದಾಳು ಅವಳ ಸಭೆಯ ನಿವೃತ್ತ ನರ್ಸಮ್ಮ.

"ನೀವೇನಾ ಗುಳಿಗೆಯಮ್ಮನ ಯಜಮಾನರು?" ಎಂದು ನರ್ಸಮ್ಮ ಅವನನ್ನು ಮೇಲಿಂದ ಕೆಳಗಿನ ತನಕ ಗೌರವದಿಂದ ನೋಡಿದಳು. "ಎಂಥ ದೊಡ್ಡ ಮನಸ್ಸಪ್ಪಾ ನಿಮ್ಮದು! ನಿನ್ನೆ ಪೂಜೆ ಮುಗಿದ ಮೇಲೆ ಎಲ್ಲರಿಗೂ ಓದಿ ಹೇಳಿದಳು. ಕಣ್ಣಲ್ಲಿ ನೀರು ಬಂತು."

"ಏನು ಹೇಳಿದಳು?"

"ಮೂವತ್ತು ವರ್ಷ ನಿನ್ನ ಬೆನ್ನ ಮೇಲೆ ನೇಗಿಲು ಹೂಡಿದ್ದು ನಿಜ ಅಂತ ನೀವೇ ಚಿನ್ನದ ಅಕ್ಷರದಲ್ಲಿ ಒಪ್ಪಿಕೊಂಡಿದ್ದೀರಂತೆ. ಅವಳ ಪುಸ್ತಕದಲ್ಲಿ ‘ನನ್ನ ಬೆನ್ನು’ ಅಂದ್ರೆ ಅವಳದೇ ತಾನೇ? ಇಂಥ ಗಂಡಸನ್ನ ನಾನು ಕಂಡಿಲ್ಲ."

ಅಲ್ಲಿಯವರೆಗೆ ಮೇಸ್ತ್ರಿ ಆ ವಚನ ಹೆಂಡತಿಯ ಮೇಲಿನ ತನ್ನ ದೂರಿನಂತೆ ಕೇಳಿಸಿತೆಂದು ಹೆದರಿದ್ದ. ಅದು ತನ್ನದೇ ತಪ್ಪೊಪ್ಪಿಗೆಯಾಗಿ ಊರು ಸುತ್ತಿ ಬಂದಿತ್ತು. "ಅಮ್ಮಾ, ಅದು ಹಾಗಲ್ಲ... ದ್ರಾಕ್ಷಿ..."

"ದ್ರಾಕ್ಷಿ ಚಿತ್ರವೆಲ್ಲ ಬೇಡ, ಅಕ್ಷರ ಸಾಕು," ಎಂದಳು ಎರಡನೆಯವಳು, ತನ್ನ ಬೈಬಲನ್ನು ಮುಂದಿಟ್ಟು. "ನಮ್ಮನೆಯವರು ಬಾಯಿಬಿಟ್ಟು ಒಪ್ಪಿಕೊಳ್ಳೋ ಪೈಕಿ ಅಲ್ಲ. ಅವರ ಪರವಾಗಿ ನೀವೇ ಬರೆದುಕೊಟ್ಟುಬಿಡಿ."

"ನಮ್ಮವು ಹೊಸ ಪ್ರತಿಗಳು," ಎಂದಳು ನರ್ಸಮ್ಮ. "ಅದಕ್ಕೇ ಇವುಗಳಲ್ಲಿ ೧೨೯:೩ ಅಂತ ಹಾಕ್ಬೇಕಂತೆ. ೧೨೮ ಹಾಕಿದ್ರೆ ಏನೋ ಬಳ್ಳಿ ಗಿಳ್ಳಿ ಬರುತ್ತಂತೆ. ನೀವು ಮರೆತೀರಿ ಅಂತ ಗುಳಿಗೆಯಮ್ಮ ಹೇಳಿ ಕಳಿಸಿದಾಳೆ. ಈ ಚೀಟಿಯನ್ನೂ ಕೊಟ್ಟಿದಾಳೆ."

ಅದು ಔಷಧಿಯ ಲೇಬಲ್. ಮೇಸ್ತ್ರಿ ಅದನ್ನು ಕಸಿದುಕೊಂಡ ಎಂದೇ ಹೇಳಬೇಕು. ಚಿಕ್ಕ, ನೆಟ್ಟನೆಯ, ಒಂದಿಷ್ಟೂ ಕರುಣೆಯಿಲ್ಲದ ಅದೇ ಕೈಬರಹ: ತೋಬಿತ ೨:೧೪. ಕೆಳಗೆ ‘ಊಟಕ್ಕೆ ಮುಂಚೆ’ ಎಂಬುದರ ಅಡಿ ಎರಡೆರಡು ಗೆರೆ. ಮೇಸ್ತ್ರಿಯ ಎದೆ ತುಂಬಿ ಬಂತು. ಎಷ್ಟು ವಾರವಾಗಿತ್ತು!

ಹೆಂಗಸರು ಹೋದ ಮೇಲೆ ಅಭ್ಯಾಸಬಲದಿಂದ ಫೋನು ತೆಗೆದು ಒತ್ತಿದ. ‘ಈ ಪುಸ್ತಕ ಕಂಡುಬಂದಿಲ್ಲ’ ಎಂದಿತು. ಪಟ್ಟಿ ಬದಲಾಯಿಸುವುದು ಹೇಗೆಂದು ಅಳಿಯ ತೋರಿಸಿಕೊಟ್ಟಿದ್ದ, ಮರೆತುಹೋಗಿತ್ತು. ಫೋನನ್ನು ಅಂಟಿನ ಡಬ್ಬಿಯ ಹಿಂದೆ ಇಟ್ಟು, ನರ್ಸಮ್ಮನ ಬೈಬಲನ್ನು ಎಳೆದುಕೊಂಡ. ಕನ್ನಡಕ ಸಿಗಲು ಐದು ನಿಮಿಷವಾಯಿತು. ತೋಬಿತ ಸಿಗಲು ಹದಿನೈದು ನಿಮಿಷ. ಗುರುವನ್ನು ಮನಸ್ಸಿನಲ್ಲೇ ಕ್ಷಮೆ ಕೇಳಿ, ಮೂವತ್ತೈದು ವರ್ಷದಲ್ಲಿ ಮೊದಲ ಸಲ ಗಿರಾಕಿಯ ಪುಸ್ತಕವನ್ನು ಅಂಗಡಿಯಲ್ಲಿ ಕೂತು ಓದಿದ.

ತೋಬಿತನೆಂಬ ಒಬ್ಬ ಸಜ್ಜನ. ಗೋಡೆಯ ಬದಿಯಲ್ಲಿ ಮಲಗಿದ್ದಾಗ ಗುಬ್ಬಚ್ಚಿಯ ಹಿಕ್ಕೆ ಕಣ್ಣಿಗೆ ಬಿದ್ದು ಕುರುಡನಾಗಿದ್ದಾನೆ. ಹೆಂಡತಿ ಬೇರೆಯವರಿಗೆ ಬಟ್ಟೆ ನೇಯ್ದುಕೊಟ್ಟು ಮನೆ ನಡೆಸುತ್ತಾಳೆ. ಒಂದು ದಿನ ಅವಳ ಕೆಲಸ ಮೆಚ್ಚಿ ಕೂಲಿಯ ಜೊತೆಗೆ ಒಂದು ಮೇಕೆಮರಿಯನ್ನೂ ಕೊಡುತ್ತಾರೆ. ಮರಿ ಮನೆಯಲ್ಲಿ ಮ್ಯಾ ಎಂದದ್ದೇ ತಡ, ಈ ಸಜ್ಜನ ಕೂತಲ್ಲಿಂದಲೇ, ಇದು ಕದ್ದ ಮಾಲು, ಹಿಂದಿರುಗಿಸು ಎಂದು ಹಟ ಹಿಡಿಯುತ್ತಾನೆ. ಅಲ್ಲ ಎಂದು ಎಷ್ಟು ಹೇಳಿದರೂ ನಂಬುವುದಿಲ್ಲ. ಆಗ ಅವಳು ರೇಗಿ ಹೇಳುತ್ತಾಳೆ: ನೀವು ಎಂಥವರು ಅನ್ನೋದು ಈಗ ಎಲ್ಲರಿಗೂ ಗೊತ್ತಾಯಿತು!

ಮೇಸ್ತ್ರಿ ನಕ್ಕ ನಗೆಗೆ ಪಕ್ಕದ ಅಂಗಡಿಯವನು ಬಂದು ಇಣುಕಿ ನೋಡಿ ಹೋದ.

ಸಂಜೆ ಮನೆಗೆ ಬಂದಾಗ ಬುತ್ತಿ ಹಾಗೇ ಇತ್ತು; ತೋಬಿತನ ಗಲಾಟೆಯಲ್ಲಿ ಊಟವೇ ಮರೆತಿತ್ತು. ಗುಳಿಗೆಯಮ್ಮ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು.

"ಓದಿದ್ರಾ?"

"ಓದಿದೆ."

"ಎಲ್ಲಿ? ಫೋನಿನಲ್ಲಾ?"

"ಇಲ್ಲ ಕಣೇ. ಬರೆದವರ ಪುಸ್ತಕದಲ್ಲಿ."

ಅವಳ ತುಟಿಯ ಒಂದು ಕೊನೆ ಮೇಲಕ್ಕೆದ್ದಿತು. ಮೇಸ್ತ್ರಿಗೆ ಅಷ್ಟು ಸಾಕಾಗಿತ್ತು. ಅವನು ಶೂ ಬಿಚ್ಚುತ್ತ, ಮೂವತ್ತು ವರ್ಷದಲ್ಲಿ ಎಂದೂ ಕೇಳದ ಪ್ರಶ್ನೆಯೊಂದನ್ನು ಕೇಳಿದ.

"ಅಲ್ವೇ, ಆ ಮುದುಕ ಒಳ್ಳೆಯವನೇ ಪಾಪ. ಮೇಕೆ ವಿಷಯದಲ್ಲಿ ಏನೋ ಎಡವಿದ. ಮುಂದೆ ಅವನಿಗೆ ಕಣ್ಣು ಬರುತ್ತಾ?"

"ಬರುತ್ತೆ," ಎಂದಳು ಗುಳಿಗೆಯಮ್ಮ, ಬುತ್ತಿಯನ್ನು ಅವನ ಕೈಯಿಂದ ತೆಗೆದುಕೊಂಡು. "ಆದ್ರೆ ಅದಕ್ಕೆ ಇನ್ನೂ ಒಂಬತ್ತು ಅಧ್ಯಾಯ ಕಾಯ್ಬೇಕು. ಹೋಗಿ ಕೈ ತೊಳ್ಕೊಂಡು ಬನ್ನಿ."